ಸೊನ್ನೆಯಂತೆ ಕಾಣುವ ಐದು

ನಮ್ಮ ಗಿರಾಕಿ ಹಲೀಮಾ ಬರೆದುಕೊಟ್ಟ ಚೀಟಿ ಅವಳ ಗಾಡಿಯ ಜಾಬ್ ಕಾರ್ಡಿನ ಹಿಂದೆ ಪಿನ್ ಚುಚ್ಚಿಕೊಂಡೇ ಇತ್ತು. ಬೆಳಿಗ್ಗೆ ಎಂಟೂ ಕಾಲಿಗೆ ಹಳೆಯ ಕಾರ್ಡುಗಳನ್ನು ಫೈಲಿಗೆ ಹಾಕುವಾಗ ಅದು ಮತ್ತೆ ನನ್ನ ಕೈಗೆ ಬಂತು. ಯಾವುದನ್ನೂ ಎರಡು ಸಲ ನೋಡುವುದು ನನ್ನ ಚಾಳಿ. ಟಯರಿನ ನಟ್ಟನ್ನೂ ಎರಡು ಸಲ ಬಿಗಿಯುತ್ತೇನೆ. ಬಹ್ರೇನಿನ ಸಲ್ಮಾಬಾದಿನ ಈ ಗ್ಯಾರೇಜಿನಲ್ಲಿ ಅದಕ್ಕೆ ಎಲ್ಲರೂ ನಗುತ್ತಾರೆ. ಆದರೆ ಈ ಚೀಟಿಯನ್ನು ಹತ್ತು ದಿನದ ಹಿಂದೆ ಒಂದೇ ಸಲ ಓದಿದ್ದೆ.

ಅದರಲ್ಲಿ ಎರಡೇ ಸಾಲು. ಮೇಲಿನದರಲ್ಲಿ ಅವಳು ಹೋಗುವ ಊರು, ಟರ್ಕಿಯ ಎರ್ಝುರುಮ್. ಅದರ ಪಕ್ಕದಲ್ಲಿ ಅಲ್ಲಿನ ಚಳಿ: ಒಂದು ಮೈನಸ್ ಗೆರೆ, ಎರಡರ ಅಂಕಿ, ಒಂದು ವೃತ್ತ. ಕೆಳಗಿನ ಸಾಲಿನಲ್ಲಿ ಅವರು ಉಳಿಯುವ ಮನೆಯ ಫೋನ್ ನಂಬರು. ಹೊರದೇಶದ ನಂಬರು ಎಂದರೆ ಎರಡು ಸೊನ್ನೆಯಿಂದ ಶುರುವಾಗಬೇಕು. ಚೀಟಿಯಲ್ಲಿ ಆ ಜಾಗದಲ್ಲಿ ಇದ್ದದ್ದು ಎರಡು ಚುಕ್ಕಿ.

ಮೇಲಿನ ಸಾಲಿನ ವೃತ್ತವನ್ನು ಮತ್ತೆ ನೋಡಿದೆ.

ಅರಬಿಯಲ್ಲಿ ಸೊನ್ನೆಗೆ ಚುಕ್ಕಿ, ಐದಕ್ಕೆ ವೃತ್ತ. ನನಗೆ ಗೊತ್ತಿಲ್ಲದ್ದಲ್ಲ. ಹನ್ನೊಂದು ವರ್ಷದಿಂದ ಬಹ್ರೇನಿನ ನಂಬರ್ ಪ್ಲೇಟ್ ಓದುತ್ತಿದ್ದೇನೆ. ಆದರೆ ಅವಳ ಅವಸರದ ಕೈಬರಹದಲ್ಲಿ ಆ ಎರಡು ಅಂಕಿ ನಮ್ಮ ಕನ್ನಡ ಶಾಲೆಯ ೨೦ರ ಹಾಗೆಯೇ ಇತ್ತು. ಮನಸ್ಸು ಒಂದು ಗಳಿಗೆ ಬೆಳ್ತಂಗಡಿಯ ಶಾಲೆಗೆ ಹೋಗಿ ಇಪ್ಪತ್ತು ಎಂದು ಓದಿ ಬಂದಿತ್ತು. ಅವಳು ಬರೆದದ್ದು ಮೈನಸ್ ಇಪ್ಪತ್ತೈದು.

ಐದು ಡಿಗ್ರಿ ಏನು ಮಹಾ ಎನ್ನಬಹುದು. ಎಣ್ಣೆಗೆ ಅದು ಮಹಾ. ಡಬ್ಬದ ಮೇಲೆ 10W-40 ಎಂದಿದ್ದರೆ ಇಲ್ಲಿ ಎಲ್ಲರೂ ನೋಡುವುದು ಹಿಂದಿನ ನಲವತ್ತನ್ನು, ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂದು. ಮುಂದಿನ ಅಂಕಿ ಯಾರಿಗೂ ಬೇಡ. ಮಂಗಳೂರಿನ ಸಂಜೆ ತರಗತಿಯಲ್ಲಿ ನಮ್ಮ ಮೇಷ್ಟ್ರು ಬೋರ್ಡಿಗೆ ಕುಟ್ಟಿ ಕುಟ್ಟಿ ಹೇಳುತ್ತಿದ್ದರು: "ಡಬ್ಲ್ಯೂ ಅಂದ್ರೆ ವೇಟ್ ಅಲ್ಲ, ವಿಂಟರ್! ಮುಂದಿನ ನಂಬರ್ ಸಣ್ಣದಾದಷ್ಟೂ ಚಳಿಯಲ್ಲಿ ಎಣ್ಣೆ ಬೇಗ ಹರಿಯುತ್ತದೆ." ಕಿಟಕಿಯ ಹೊರಗೆ ಬೆವರು ಸುರಿಯುವ ಏಪ್ರಿಲ್. ನಾವು ನಗುತ್ತಿದ್ದೆವು.

ಹಲೀಮಾಳ ಜೀಪು ಹಳೆಯದು. ತೆಳು ಎಣ್ಣೆ ಹಾಕಿದರೆ ಕುಡಿಯುತ್ತದೆ, ಅಡಿಯ ಗ್ಯಾಸ್ಕೆಟ್ಟಿನಿಂದ ಒಸರುತ್ತದೆ. ಅದಕ್ಕೇ 5W ಡಬ್ಬವನ್ನು ಕೈಯಲ್ಲಿ ಹಿಡಿದು, ಮತ್ತೆ ಶೆಲ್ಫಿನಲ್ಲಿಟ್ಟು, 10W ಹಾಕಿಸಿದ್ದೆ. ಅದು ಮೈನಸ್ ಇಪ್ಪತ್ತೈದರವರೆಗೆ ಹರಿಯುತ್ತದೆ, ಮೈನಸ್ ಇಪ್ಪತ್ತಕ್ಕೆ ಸಾಕು, ಐದು ಡಿಗ್ರಿ ಕೈಯಲ್ಲಿ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಕೈಯಲ್ಲಿ ಏನೂ ಉಳಿದಿರಲಿಲ್ಲ.

ಸ್ಯಾವಿಯೊನಿಗೆ ಚೀಟಿ ತೋರಿಸಿದೆ. ಅವನು ಕಿನ್ನಿಗೋಳಿಯವನು, ನನ್ನ ಜೊತೆಯ ಮೆಕ್ಯಾನಿಕ್. ಆ ಎಣ್ಣೆ ಹೊಯ್ದದ್ದು ಅವನೇ.

"ಸ್ಟಾರ್ಟ್ ಆಗ್ತದೆ ಮಾರಾಯ. ನಿಂಗೆ ಹೆದರ್ಲಿಕ್ಕೆ ಒಂದು ಕಾರಣ ಬೇಕು."

"ಆಗದಿದ್ರೆ?"

"ಬ್ಯಾಟರಿ ವೀಕ್ ಅಂತ ಹೇಳು. ಚಳಿಗೆ ಎಲ್ಲರ ಬ್ಯಾಟರಿಯೂ ಸಾಯ್ತದೆ." ಸ್ವರ ತಗ್ಗಿಸಿದ. "ನೀನೇ ಬಾಯಿಬಿಟ್ರೆ ಬಾಸ್ ನಿನ್ನನ್ನು ಮುಂದಿನ ಫ್ಲೈಟಿಗೆ ಹತ್ತಿಸ್ತಾರೆ. ನಿನ್ನ ವೀಸಾ ರಿನ್ಯೂ ಆಗ್ಬೇಕು, ನೆನಪುಂಟಲ್ಲ?"

ನೆನಪಿತ್ತು. ಆದರೂ ಫೋನ್ ತೆಗೆದು ಹಲೀಮಾಳ ಮೊಬೈಲಿಗೆ ಕರೆ ಮಾಡಿದೆ.

ಹಲೀಮಾ ಇಲ್ಲಿನ ಹಮದ್ ಟೌನಿನವಳು, ಶಾಲೆಯ ಟೀಚರ್. ಆರು ವರ್ಷದ ಮಗಳು ಶಮೀನಾಳಿಗೆ ಹಿಮ ತೋರಿಸುತ್ತೇನೆಂದು ಮಾತು ಕೊಟ್ಟು, ಗಂಡನನ್ನೂ ಹೊರಡಿಸಿಕೊಂಡು ಜೀಪಿನಲ್ಲೇ ಹೊರಟಿದ್ದಳು. ಅವಳೊಂದಿಗೆ ನನ್ನ ಮಾತೆಲ್ಲ ಹಿಂದಿಯಲ್ಲಿ. ಅರಬಿ ಅಕ್ಷರಗಳಲ್ಲಿ 'ಚ' ಇಲ್ಲ. ಚನಿಯನಾದ ನಾನು ಅವಳ ಬಾಯಲ್ಲಿ ಶನಿಯ ಆಗುತ್ತೇನೆ. ಶನಿವಾರ ಹುಟ್ಟಿದ್ದಕ್ಕೇ ನನಗೆ ಆ ಹೆಸರು, ಅದರಿಂದ ತಪ್ಪೇನಿಲ್ಲ. ಆದರೆ ಇವತ್ತು ಆ ಕರೆ ಶನಿಗ್ರಹವನ್ನೇ ಕೂಗಿದಂತೆ ಕೇಳಿಸಿತು.

"ಶನಿಯಾ! ನೀನೇ ಫೋನ್ ಮಾಡಿದೆಯಾ? ಅಲ್ಲಾಹನೇ ಕಳಿಸಿದ. ರಾತ್ರಿಯಿಂದ ಕರೆಂಟ್ ಇಲ್ಲ. ಶಮೀನಾಳ ಅಸ್ತಮಾದ ಮೆಷಿನ್ ನಡೆಯುತ್ತಿಲ್ಲ, ಬಾಯಿಗೆ ಹೊಡೆಯುವ ಪಂಪಿನ ಔಷಧಿಯೂ ಮುಗಿಯುತ್ತಾ ಬಂತು. ಆಂಬುಲೆನ್ಸಿನವರು ಮಧ್ಯಾಹ್ನ ಆಗಬಹುದು ಅನ್ನುತ್ತಾರೆ. ದಾರಿಯ ಹಿಮ ಈಗಷ್ಟೇ ಟ್ರ್ಯಾಕ್ಟರಿನಲ್ಲಿ ತೆಗೆದರು. ಗಾಡಿ ಸ್ಟಾರ್ಟ್ ಮಾಡಲು ಹೊರಟಿದ್ದೆ."

ಅವಳ ಮಾತಿನ ಹಿಂದೆ ಇನ್ನೊಂದು ಸದ್ದು ಕೇಳುತ್ತಿತ್ತು. ಸಣ್ಣ ಸೀಟಿಯಂಥ ಸದ್ದು. ಅದು ಮಗುವಿನ ಉಸಿರು.

"ಮುಟ್ಟಬೇಡಿ," ಎಂದೆ. "ಕೀಲಿ ತಿರುಗಿಸಬೇಡಿ. ಈಗ ಚಳಿ ಎಷ್ಟು?"

"ಮೈನಸ್ ಇಪ್ಪತ್ತೇಳು."

ಸ್ಯಾವಿಯೊ ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದ. ಬ್ಯಾಟರಿ ಎಂದು ಹೇಳಿಬಿಡಬಹುದಿತ್ತು. ಆದರೆ ಬ್ಯಾಟರಿ ಎಂದರೆ ಅವಳು ಮತ್ತೆ ಮತ್ತೆ ಕೀಲಿ ತಿರುಗಿಸುತ್ತಾಳೆ. ಅಂಟಿನಂತಾದ ಎಣ್ಣೆಯನ್ನು ಪಂಪ್ ಎಳೆಯದಿದ್ದರೆ ಇಂಜಿನ್ ಒಣಗಿಯೇ ತಿರುಗಿ, ಬೆಟ್ಟದ ದಾರಿಯ ನಡುವೆ ಕಚ್ಚಿ ನಿಲ್ಲುತ್ತದೆ. ಮಗುವಿನ ಸಮೇತ.

"ತಪ್ಪು ನನ್ನದು," ಎಂದೆ. "ನಿಮ್ಮ ಇಪ್ಪತ್ತೈದನ್ನು ನಾನು ಇಪ್ಪತ್ತು ಎಂದು ಓದಿದೆ. ಆ ಚಳಿಗೆ ಬೇಕಾದ ಎಣ್ಣೆ ನಿಮ್ಮ ಗಾಡಿಯಲ್ಲಿಲ್ಲ."

ಆ ಕಡೆ ಸೀಟಿಯ ಸದ್ದು ಫೋನಿಗೆ ಹತ್ತಿರವಾಯಿತು.

"ಬೈಯುವುದಕ್ಕೆ ಈಗ ಫೋನಿನಲ್ಲಿ ಚಾರ್ಜ್ ಇಲ್ಲ," ಎಂದಳು ಹಲೀಮಾ. "ಏನು ಮಾಡಬೇಕು, ಅದು ಹೇಳು."

ಹೇಳಿದೆ. ಹೇಳುವಾಗ ಪ್ರತಿ ಮಾತಿನ ಮೇಲೂ ನನಗೆ ಸಂಶಯ. ಬ್ಯಾಟರಿ ಬಿಚ್ಚಿ ಒಳಗೆ ತಂದು ಒಲೆಯಿರುವ ಕೋಣೆಯಲ್ಲಿಡಿ. ಕಪ್ಪು ತಂತಿ ಮೊದಲು ಬಿಚ್ಚಬೇಕು. ಬಾನೆಟ್ಟಿನ ಮೇಲೆ ಕಂಬಳಿ ಹೊದಿಸಿ ನೆಲದವರೆಗೂ ಇಳಿಬಿಡಿ. ಅವಳು ಗಂಡನಿಗೆ ಅರಬಿಯಲ್ಲಿ ಕೂಗಿ ಹೇಳುತ್ತಿದ್ದಳು. ಆಮೇಲೆ ದೂರದಿಂದ ಬೇರೊಬ್ಬ ಗಂಡಸಿನ ಸ್ವರ ಬಂತು.

"ಮನೆಯ ಯಜಮಾನ ಕೆಂಡ ತಂದಿದ್ದಾನೆ. ಇಲ್ಲಿ ಎಲ್ಲರೂ ಇಂಜಿನ್ ಅಡಿಗೆ ಕೆಂಡ ಇಡುತ್ತಾರಂತೆ."

"ಬೇಡ!" ನಾನು ಕಿರುಚಿದ್ದಕ್ಕೆ ಗ್ಯಾರೇಜಿನಲ್ಲಿ ಎಲ್ಲರೂ ತಿರುಗಿದರು. "ನಿಮ್ಮ ಗಾಡಿಯ ಅಡಿಯಲ್ಲಿ ಎಣ್ಣೆ ಒಸರುತ್ತದೆ, ನಾನೇ ನೋಡಿದ್ದೇನೆ. ಬೆಂಕಿ ಹಿಡಿಯುತ್ತದೆ. ಕೆಂಡ ಬೇಡ, ಕುದಿಯುವ ನೀರು. ಅಗಲವಾದ ಪಾತ್ರೆಯಲ್ಲಿ, ಇಂಜಿನ್ ಅಡಿಗೆ. ತಣ್ಣಗಾದ ಹಾಗೆ ಬದಲಿಸುತ್ತಾ ಇರಿ. ಇಂಜಿನ್ ಮೇಲೆ ಮಾತ್ರ ಸುರಿಯಬೇಡಿ."

"ಎಷ್ಟು ಹೊತ್ತು?"

ನನಗೆ ಗೊತ್ತಿರಲಿಲ್ಲ. ಸಂಜೆ ತರಗತಿಯಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

"ಒಂದು ಗಂಟೆ," ಎಂದೆ.

ಫೋನ್ ಇಟ್ಟಳು. ಆ ಒಂದು ಗಂಟೆ ನಾನು ಒಂದೇ ಬ್ರೇಕ್ ಡ್ರಮ್ಮನ್ನು ಒರೆಸಿದೆ. ಒಂದು ಗಂಟೆ ಹೆಚ್ಚಾಯಿತೇ? ಮಗುವಿಗೆ ಅಷ್ಟು ಹೊತ್ತು ಇದೆಯೇ? ಕಡಿಮೆಯಾಯಿತೇ? ಸ್ಯಾವಿಯೊ ಚಹಾ ತಂದಿಟ್ಟ, ಅದು ಹಾಗೆಯೇ ಆರಿತು. ಅವನು ಏನೂ ಗೇಲಿ ಮಾಡಲಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಒಂಬತ್ತೂ ನಲವತ್ತಕ್ಕೆ ಹಲೀಮಾಳ ಕರೆ ಬಂತು. "ಬ್ಯಾಟರಿ ಕೂರಿಸಿದ್ದೇವೆ. ಮಗಳು ಹಿಂದಿನ ಸೀಟಿನಲ್ಲಿದ್ದಾಳೆ. ಮಾತಾಡುತ್ತಿಲ್ಲ."

"ಎಣ್ಣೆಯ ಕೆಂಪು ದೀಪ ನೋಡುತ್ತಿರಿ. ಇಂಜಿನ್ ಹಿಡಿದ ಕೂಡಲೇ ಐದರವರೆಗೆ ಎಣಿಸಿ. ಐದಕ್ಕೂ ದೀಪ ಆರದಿದ್ದರೆ ತಕ್ಷಣ ಆಫ್ ಮಾಡಿ. ಆಕ್ಸಿಲರೇಟರ್ ಒತ್ತಬೇಡಿ."

"ಬಿಸ್ಮಿಲ್ಲಾ."

ಕೀಲಿ ತಿರುಗಿತು. ಮುದುಕನೊಬ್ಬ ಗಂಟಲು ಸರಿಮಾಡಿಕೊಳ್ಳುವಂಥ ಸದ್ದು, ನಿಧಾನ, ಇನ್ನೂ ನಿಧಾನ. ನಿಂತೇ ಹೋಯಿತು ಅಂದುಕೊಂಡೆ. ಆಮೇಲೆ ಒಂದು ಕೆಮ್ಮು. ಇನ್ನೊಂದು. ಇಂಜಿನ್ ಹಿಡಿಯಿತು, ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಟಕಟಕ ನನ್ನ ಕಿವಿಗೆ ಚುಚ್ಚಿತು.

"ವಾಹದ್," ಎಂದು ಅರಬಿಯಲ್ಲಿ ಎಣಿಸತೊಡಗಿದಳು ಹಲೀಮಾ. "ಇತ್ನೇನ್. ತಲಾತ..."

ನಾನು ಕಣ್ಣು ಮುಚ್ಚಿದೆ. ಸ್ಯಾವಿಯೊ ಶಿಲುಬೆಯ ಗುರುತು ಹಾಕಿಕೊಂಡದ್ದು ಅವನ ಅಂಗಿಯ ಸರಸರದಿಂದ ತಿಳಿಯಿತು.

"ಅರ್ಬಅ..."

ಟಕಟಕ ನಿಂತಿತು. ಇಂಜಿನ್ ಮಾತ್ರ ನಿಲ್ಲಲಿಲ್ಲ.

"ದೀಪ ಹೋಯಿತು," ಎಂದಳು. "ಶನಿಯಾ, ದೀಪ ಹೋಯಿತು!"

ಐದು ಎಂದು ಅವಳು ಹೇಳಬೇಕಾಗಲಿಲ್ಲ.

"ಸ್ವಲ್ಪ ಹೊತ್ತು ಹಾಗೇ ಓಡಲಿ. ಆಮೇಲೆ ಮೆಲ್ಲಗೆ ಬೆಟ್ಟ ಇಳಿಯಿರಿ. ಆಸ್ಪತ್ರೆಯಲ್ಲೂ ಇಂಜಿನ್ ಆಫ್ ಮಾಡಬೇಡಿ."

"ವಾಪಸ್ ಬಂದ ಮೇಲೆ ಬೈಯುತ್ತೇನೆ, ಯಾ ಖೂಯ್. ಚೆನ್ನಾಗಿ ಬೈಯುತ್ತೇನೆ," ಎಂದು ಅಳುತ್ತಲೇ ಫೋನ್ ಇಟ್ಟಳು. ಖೂಯ್ ಎಂದರೆ ಅವರಲ್ಲಿ ಅಣ್ಣ.

ಹನ್ನೊಂದೂ ಹತ್ತಕ್ಕೆ ಒಂದು ಸಂದೇಶ ಬಂತು. ತಲುಪಿದೆವು, ಮಗಳಿಗೆ ಮಾಸ್ಕ್ ಹಾಕಿದ್ದಾರೆ, ಸ್ವಲ್ಪ ಮಾತಾಡಿದಳು. ಅರಬಿಯಲ್ಲಿತ್ತು. ಎದುರಿನ ಬಿಡಿಭಾಗದಂಗಡಿಯ ಬಹ್ರೇನಿ ಮುದುಕನ ಹತ್ತಿರ ಅದನ್ನು ಎರಡು ಸಲ ಓದಿಸಿದೆ.

"ಮುಗೀತಲ್ಲ," ಎಂದ ಸ್ಯಾವಿಯೊ. "ಇನ್ನು ಆ ಚೀಟಿ ಹರಿದು ಬಿಸಾಡು."

ಅದು ನನ್ನ ಕೈಯಲ್ಲೇ ಇತ್ತು, ಬೆವರಿಗೆ ಮೆತ್ತಗಾಗಿತ್ತು. ಅವರು ಅದೇ ಎಣ್ಣೆಯಲ್ಲಿ ಇನ್ನೂ ನಾಲ್ಕು ದಿನ ಅಲ್ಲಿರಬೇಕು. ಎಣ್ಣೆ ಅಲ್ಲೇ ಬದಲಾಯಿಸಬೇಕು, ಅದರ ಖರ್ಚು ಗ್ಯಾರೇಜಿನದು. ಹಾಗೆ ಹೇಳಬೇಕಾದರೆ ಯಾಕೆ ಎಂದೂ ಹೇಳಬೇಕು.

ಚೀಟಿಯನ್ನು ಜಾಬ್ ಕಾರ್ಡಿಗೆ ಮತ್ತೆ ಪಿನ್ ಚುಚ್ಚಿ ಬಾಸ್ ಕ್ಯಾಬಿನ್ನಿನವರೆಗೆ ನಡೆದೆ. ಬಾಗಿಲು ತಟ್ಟಿದೆ. ಒಳಗಿನಿಂದ ಉತ್ತರ ಬರಲಿಲ್ಲ. ವಾಪಸ್ ಹೋಗಬಹುದಿತ್ತು.

ಎರಡನೇ ಸಲ ತಟ್ಟಿದೆ.