ಕೊರಳಿಲ್ಲದ ಕೋಟು

ನಾನು ಒಂದು ಕೋಟು. ಬಟ್ಟೆಯ ಕೋಟಲ್ಲ. ನನ್ನನ್ನು ಒಗೆಯಲು ಬರುವುದಿಲ್ಲ, ಇಸ್ತ್ರಿ ಮಾಡಲು ಬರುವುದಿಲ್ಲ, ಗೂಟಕ್ಕೆ ತೂಗುಹಾಕಲೂ ಬರುವುದಿಲ್ಲ. ನಾನಿರುವುದು ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲಿ. ಕಪ್ಪು ಬಣ್ಣ, ಒಳಗೆ ಬಿಳಿ ಅಂಗಿ, ಕೆಂಪು ಟೈ. ಡ್ರೈವಿಂಗ್ ಲೈಸೆನ್ಸಿಗೋ ಕೆಲಸದ ಅರ್ಜಿಗೋ ಫೋಟೋ ತೆಗೆಸಲು ಹೋದಾಗ ‘ಕೋಟ್ ಹಾಕ್ಲೇನ್ರಿ?’ ಎಂದು ಕೇಳುತ್ತಾರಲ್ಲ, ಆ ಕೋಟು ನಾನೇ. ನೀವು ಹಲ್ಲು ಕಿರಿದು ಹೂಂ ಎಂದಿರುತ್ತೀರಿ. ನಿಮ್ಮನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಹುಟ್ಟಿದ್ದು ದಾವಣಗೆರೆಯ ಒಂದು ಕಲರ್ ಲ್ಯಾಬಿನಲ್ಲಿ. ಯಾರದೋ ಮದುವೆಯ ಆರತಕ್ಷತೆಯ ಫೋಟೋ ತೆರೆಯ ಮೇಲಿತ್ತು. ಅಲ್ಲಿ ಕೆಲಸಕ್ಕಿದ್ದ ಶಮೀಮಾ ಎಂಬ ಹೆಣ್ಣುಮಗಳು ಆ ಚಿತ್ರವನ್ನು ಹಿಗ್ಗಿಸಿ, ಮದುಮಗನ ಕೋಟಿನ ಅಂಚಿನುದ್ದಕ್ಕೂ ಚುಕ್ಕಿ ಇಡುತ್ತ ಬಂದಳು. ಭುಜ ಸುತ್ತಿದಳು, ತೋಳು ಸುತ್ತಿದಳು, ಕಾಲರಿನ ತಿರುವಿನಲ್ಲಿ ಉಸಿರು ಹಿಡಿದು ನಿಧಾನವಾದಳು. ಕೊನೆಯ ಚುಕ್ಕಿ ಮೊದಲನೆಯದಕ್ಕೆ ಕೂಡಿದಾಗ ನನ್ನ ಸುತ್ತ ಒಂದು ಗೆರೆ ಮಿಣಮಿಣ ಹರಿದಾಡಿತು. ಕತ್ತರಿಸಿದಳು, ಬೇರೊಂದು ಪದರದ ಮೇಲೆ ಅಂಟಿಸಿದಳು. ನಾನು ಇತ್ತ ಬಂದೆ, ಮದುಮಗನ ತಲೆ ಅತ್ತ ಉಳಿಯಿತು. ಅವನ ಎದೆ ಮಾತ್ರ ನನ್ನೊಳಗೇ ಬಂದುಬಿಟ್ಟಿತು. ಅವನ ಹೆಸರು ಕೂಡ ನನಗೆ ಗೊತ್ತಿಲ್ಲ.

ಪದರವೆಂದರೆ ದೊಡ್ಡ ವಿದ್ಯೆಯೇನಲ್ಲ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಮೇಲಿನ ಹಾಳೆಯಲ್ಲಿ ನಿಮ್ಮ ಮುಖ, ಅದರ ಕೆಳಗೆ ನಾನು, ಎಲ್ಲಕ್ಕೂ ಕೆಳಗೆ ನೀಲಿ ಬಣ್ಣದ ಹಿನ್ನೆಲೆ. ನೋಡುವವರಿಗೆ ಎಲ್ಲ ಸೇರಿ ಒಂದೇ ಚಿತ್ರ. ಕೆಲಸ ಮುಗಿದ ಮೇಲೆ ಹಾಳೆಗಳನ್ನೆಲ್ಲ ಒತ್ತಿ ಒಂದು ಮಾಡಿ ಉಳಿಸುತ್ತಾರೆ. ಹಾಗೆ ಒಂದಾದದ್ದನ್ನು ಮತ್ತೆ ಬಿಡಿಸಲು ಆಗುವುದಿಲ್ಲ.

ಶಮೀಮಾಳ ಕೈಯಿಂದ ನಾನು ಒಂದು ಸಿ.ಡಿ.ಗೆ ಹೋದೆ. ನನ್ನ ಜೊತೆ ಬೂದು ಕೋಟು, ನೀಲಿ ಕೋಟು, ಪೊಲೀಸ್ ಸಮವಸ್ತ್ರ, ಮೈಸೂರು ಪೇಟ, ಎಲ್ಲ ತುಂಬಿದ್ದರು. ಆ ಸಿ.ಡಿ. ಊರೂರು ತಿರುಗಿತು, ನನ್ನಂಥವು ಈಗ ಎಷ್ಟು ಊರಿನಲ್ಲಿವೆಯೋ ನಾನರಿಯೆ. ನಾನು ಹೇಳುತ್ತಿರುವುದು ಬ್ಯಾಡಗಿಗೆ ಬಂದು ಬಿದ್ದ ಈ ಒಂದರ ಕಥೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ರಸ್ತೆಗೆ ಫಕೀರೇಶ ಎಂಬುವನದು ಒಂದು ಸ್ಟುಡಿಯೋ. ಬಂದ ಗಿರಾಕಿಗಳೆಲ್ಲ ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ಗಾಳಿಯಲ್ಲಿ ಅಷ್ಟು ಘಾಟು. ಫಕೀರೇಶ ಕೆಟ್ಟವನಲ್ಲ ಎಂದು ಊರವರು ಹೇಳುತ್ತಾರೆ. ಅವರೇನು ಅವನ ಕೈಕೆಳಗೆ ಇದ್ದು ನೋಡಿದ್ದಾರೆಯೇ? ಅವನಷ್ಟು ಅವಸರದ ಮನುಷ್ಯನನ್ನು ನಾನು ಕಂಡಿಲ್ಲ. ಗಿರಾಕಿ ಕೊಟ್ಟ ಫೋಟೋದ ಪ್ರತಿ ಮಾಡಿಟ್ಟುಕೊಂಡು ಕೆಲಸ ಮಾಡಬೇಕೆಂಬುದು ಅವನಿಗೆ ಗೊತ್ತು. ಮಾಡುತ್ತಿರಲಿಲ್ಲ. ನೇರ ಮೂಲ ಫೋಟೋವನ್ನೇ ತೆರೆಯುವನು, ತಲೆಯ ಸುತ್ತ ಗೆರೆ ಎಳೆಯುವನು, ತಲೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸುವನು, ಕೆಳಗೆ ನನ್ನದೊಂದು ಪ್ರತಿ ತಂದು ಜೋಡಿಸುವನು, ಎಲ್ಲ ಒತ್ತಿ ಅದೇ ಹೆಸರಿನಲ್ಲಿ ಉಳಿಸುವನು. ‘ಎರಡೆರಡ ಇಟ್ಟು ಏನ್ ಮಾಡೂದೈತಿ?’ ಎನ್ನುತ್ತಿದ್ದ.

ಹೀಗೆ ನಾನು ಊರನ್ನೆಲ್ಲ ಗದ್ದದ ಕೆಳಗಿನಿಂದ ನೋಡಿದೆ. ಕೆಳಗಿನಿಂದ ಯಾರೂ ಚೆಂದವಿಲ್ಲ. ಅರೆಬರೆ ಬೋಳಿಸಿದ ಗಡ್ಡ, ಮೂಗಿನ ಕೂದಲು, ಮಡಿಕೆ ಬಿದ್ದ ಕುತ್ತಿಗೆ. ನನಗೆ ಎಲ್ಲರೂ ಬಾಡಿಗೆಯ ತಲೆಗಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತನ್ನು ಆಡಿದವರು ಇವರನ್ನು ನೋಡಿಯೇ ಆಡಿರಬೇಕು. ಕೆಳಗೆ ಲುಂಗಿ ಉಟ್ಟು ಬಂದವನಿಗೆ ಮೇಲೆ ನಾನು ಬೇಕು. ಕೈತುಂಬ ಗ್ರೀಸು ಮೆತ್ತಿಕೊಂಡು ಬಂದವನಿಗೂ ನಾನೇ ಬೇಕು.

ಒಮ್ಮೆ ಯಾವನೋ ಮುಖಂಡನ ಹುಟ್ಟುಹಬ್ಬದ ಬ್ಯಾನರಿಗೆ ಶುಭ ಕೋರುವವರ ತಲೆಗಳನ್ನು ಸಾಲಾಗಿ ಜೋಡಿಸಿದರು. ಫಕೀರೇಶ ಎಲ್ಲರಿಗೂ ನನ್ನನ್ನೇ ತೊಡಿಸಿದ. ಬಸ್ ನಿಲ್ದಾಣದ ಎದುರು ಆ ಬ್ಯಾನರು ನಿಂತಾಗ, ಒಬ್ಬೊಬ್ಬರ ಎದೆಯ ಮೇಲೂ ಅದೇ ಟೈ, ಟೈಯ ಮೇಲೆ ಅದೇ ಜಾಗದಲ್ಲಿ ಅದೇ ಸುಕ್ಕು. ಊರಿನ ಒಬ್ಬನಿಗಾದರೂ ಅದು ಕಾಣಬೇಕೋ ಬೇಡವೋ? ತಂತಮ್ಮ ಮುಖ ನೋಡಿಕೊಂಡು ಹೋದರು. ಅಂದಿನಿಂದ ಮನುಷ್ಯರ ಕಣ್ಣಿನ ಮೇಲೆ ನನಗಿದ್ದ ಅಷ್ಟಿಷ್ಟು ಗೌರವವೂ ಹೋಯಿತು.

ಹೀಗಿರುವಾಗ ಮಾಲತೇಶ ಬಂದ. ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅಂಗಿಯ ಜೇಬಿನಲ್ಲಿ ಪೆನ್ನು, ಹಣೆಯಲ್ಲಿ ಸಣ್ಣ ಕುಂಕುಮ. ಅವನ ಅಪ್ಪ ಮೈಲಾರಪ್ಪ ಅದೇ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲನಾಗಿದ್ದು ತೀರಿಕೊಂಡಿದ್ದ. ವರ್ಷದ ತಿಥಿ ಹತ್ತಿರ ಬಂದಿತ್ತು. ಮಾಲತೇಶ ಮೊಬೈಲಿನಿಂದ ಮೆಮೊರಿ ಕಾರ್ಡು ತೆಗೆದುಕೊಟ್ಟ.

‘ಅಪ್ಪನ ಫೋಟೋ ಅಂತ ಇರೂದು ಇದೊಂದ ರೀ. ದೊಡ್ಡದು ಮಾಡ್ರಿ, ಕೋಟ್ ಹಾಕ್ರಿ. ಸಾವಕಾರ್ರು ಬರ್ತಾರ ತಿಥಿಗೆ.’

ಫೋಟೋದಲ್ಲಿ ಮೈಲಾರಪ್ಪ ಚೀಲಗಳ ರಾಶಿಯ ಮುಂದೆ ನಿಂತಿದ್ದ. ಕೆಂಪು ಧೂಳು ಹಿಡಿದ ಬನೀನು, ಕೈಯಲ್ಲಿ ಚೀಲ ಎಳೆಯುವ ಕೊಕ್ಕೆ. ಫಕೀರೇಶ ಎಂದಿನಂತೆ ನೇರ ಆ ಕಾರ್ಡಿನಲ್ಲಿದ್ದ ಫೋಟೋವನ್ನೇ ತೆರೆದ, ತಲೆಯ ಸುತ್ತ ಗೆರೆ ಎಳೆದ, ಉಳಿದದ್ದನ್ನು ಅಳಿಸಿದ. ಬನೀನು ಹೋಯಿತು, ಕೊಕ್ಕೆ ಹೋಯಿತು, ಚೀಲಗಳೂ ಹೋದವು. ಕೆಳಗೆ ನಾನು ಬಂದು ಕೂತೆ. ಎಲ್ಲ ಒತ್ತಿ, ಅದೇ ಹೆಸರಿನಲ್ಲಿ ಉಳಿಸಿ, ಪ್ರಿಂಟ್ ತೆಗೆದ. ಇನ್ನೊಂದು ಬಾಡಿಗೆಯ ತಲೆ ಎಂದು ನಾನು ಅಸಹ್ಯದಿಂದ ಸುಮ್ಮನಾದೆ.

ಕಟ್ಟು ಹಾಕಿಸುವ ಮೊದಲು ನೋಡಲೆಂದು ಮಾಲತೇಶ ತಾಯಿಯನ್ನು ಕರೆತಂದ. ಗುತ್ತೆವ್ವ ಎತ್ತರದ ಹೆಂಗಸು. ತಲೆಯ ಮೇಲೆ ಸೆರಗು ಹೊದ್ದಿದ್ದಳು. ಸೀನಲಿಲ್ಲ; ಆ ಘಾಟಿನಲ್ಲೇ ಬದುಕಿದವಳು. ಫಕೀರೇಶ ಪ್ರಿಂಟನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಹೊಗಳಿಕೆಗಾಗಿ ಕಾದು ನಿಂತ. ಅವಳು ಮುಖವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ.

‘ಮಾರಿ ಅವರದ. ಈ ಎದಿ ಯಾರ್ದು?’

‘ಅದು ಕೋಟ್ ಐತಿ ಯವ್ವಾ. ಕಂಪ್ಯೂಟರಿನ್ಯಾಗ ಹಾಕೀನಿ’ ಎಂದ ಫಕೀರೇಶ.

‘ಕೋಟ್ ಅಂತ ನನಗೂ ಗೊತ್ತಾಗತೈತಿ. ಕೋಟಿನೊಳಗ ಯಾರದಾರ ಅಂತ ಕೇಳಾಕತ್ತೀನಿ.’

ಫಕೀರೇಶ ನಕ್ಕ. ಅವಳು ನಗಲಿಲ್ಲವಾದ್ದರಿಂದ ಅವನ ನಗು ಅರ್ಧಕ್ಕೇ ನಿಂತಿತು.

‘ಯಾರರ ಒಬ್ಬಾಂವ ಇದ್ದಾನಲ್ಲ ಒಳಗ. ಗಂಡಸರ ಎದಿ ಅದು. ನಾ ದಿನಾ ಮುಂಜಾನೆ ಜಳಕಾ ಮಾಡಿ ಬಂದು ಯಾವನೋ ಗಂಡಸಿನ ಎದಿಗೆ ಹೂವು ಏರಸ್ಲೇನು? ನನಗ ನಮ್ಮ ಮನಿಯವ್ರು ಬೇಕು. ಅವರ ಮೈ ತಿರುಗಿ ಹಾಕು.’

‘ಅವ್ವಾ, ಸುಮ್ನಿರು. ಆ ಬನೀನಿನ್ಯಾಗ ಅಪ್ಪನ್ನ ಮಂದಿಗೆ ತೋರಸ್ಲೇನು?’ ಎಂದ ಮಾಲತೇಶ.

‘ಯಾಕ, ಆ ಬನೀನ ನಾ ಒಗದದ್ದು.’

ನನಗೆ ಮೈಯೆಲ್ಲ ಉರಿಯಿತು. ಸಾವಿರ ಜನ ಬೇಡಿ ತೊಟ್ಟ ಕೋಟು ನಾನು. ಧೂಳು ಹಿಡಿದ ಬನೀನಿನ ಮುಂದೆ ನನ್ನನ್ನು ಕೀಳು ಮಾಡುತ್ತಿದ್ದಳು. ಹಾಕಲಿ ಅವಳ ಗಂಡನ ಮೈಯನ್ನೇ ಎಂದುಕೊಂಡೆ. ಅದು ಎಲ್ಲೂ ಇಲ್ಲವೆಂದು ಗೊತ್ತಿದ್ದದ್ದು ಆಗ ನನಗೆ ಮಾತ್ರ. ನನಗೆ ಸಂತೋಷವೇ ಆಯಿತು.

ಫಕೀರೇಶ ಕಾರ್ಡು ತೆರೆದ. ಅದೇ ಹೆಸರಿನ ಫೋಟೋ ಇತ್ತು; ಅದರಲ್ಲಿ ನಾನಿದ್ದೆ. ಮುಚ್ಚಿ ಮತ್ತೆ ತೆರೆದ. ಆಗಲೂ ನಾನಿದ್ದೆ. ಅವನ ಕಿವಿ ಕೆಂಪಾದವು. ಹಿಂದಕ್ಕೆ ಹೋಗುವ ದಾರಿ ಇಲ್ಲ, ಎಲ್ಲ ಪದರಗಳೂ ಒತ್ತಿ ಒಂದಾಗಿದ್ದವು.

‘ಬ್ಯಾರೆ ಕಡೆ ಇದ್ದೀತೇನ್ರಿ ಈ ಫೋಟೋ?’ ಎಂದು ಮಾಲತೇಶನನ್ನು ಕೇಳಿದ.

‘ಇದೊಂದ ಅಂತ ಹೇಳಿದ್ನೆಲ್ಲಾ.’ ಮಾಲತೇಶ ತೆರೆಯ ಕಡೆ ಬಾಗಿದ. ‘ಅಳಿಸೀರೇನು?’

‘ಎಂಥಾ ಕೆಲಸ ಮಾಡೀಯೋ ತಮ್ಮಾ’ ಎಂದಳು ಗುತ್ತೆವ್ವ. ಕೂಗಲಿಲ್ಲ. ಕೂಗಿದ್ದರೆ ಅವನಿಗೂ ಬೈಯಲು ಬಾಯಿ ಬರುತ್ತಿತ್ತು.

ಆಗ ಫಕೀರೇಶ ತನಗೆ ಗೊತ್ತಿದ್ದ ದಾರಿ ಹಿಡಿದ. ಕಂಪ್ಯೂಟರಿನಲ್ಲಿದ್ದ ಬಿಳಿ ಅಂಗಿ ತಂದು ಮೈಲಾರಪ್ಪನ ತಲೆಯ ಕೆಳಗಿಟ್ಟ. ಅವಳು ತಲೆ ಅಲ್ಲಾಡಿಸಿದಳು. ಶಾಲು ಹೊದ್ದ ಮೈ ತಂದ. ಅದಕ್ಕೂ ಇಲ್ಲವೆಂದಳು. ‘ಇವರೆಲ್ಲಾ ನೆಟ್ಟಗ ನಿಂತಾರ. ಅವರ ಎಡಗಡಿ ಹೆಗಲ ಇಳದಿತ್ತು. ಚೀಲ ಹೊತ್ತೂ ಹೊತ್ತೂ ಇಳದಿತ್ತು’ ಎಂದಳು.

ಅವಸರದ ಮನುಷ್ಯ. ನನ್ನದೊಂದು ಪ್ರತಿ ತೆಗೆದುಕೊಳ್ಳುವ ಬದಲು ನನ್ನನ್ನೇ ತೆರೆದು, ಎಡ ಭುಜಕ್ಕೆ ಗೆರೆ ಎಳೆದು, ಕೆಳಕ್ಕೆ ಜಗ್ಗಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೆಗಲು ಕಳೆದುಕೊಂಡವಳು ಅವಳು, ಮುರಿಸಿಕೊಂಡದ್ದು ನಾನು. ಶಮೀಮಾ ಉಸಿರು ಹಿಡಿದು ತಿದ್ದಿದ್ದ ಅಂಚು ಹಿಂಡಿದ ಬಟ್ಟೆಯಂತಾಯಿತು.

‘ಇನ್ನೂ ಇಳಸು’ ಎಂದಳು. ಇಳಿಸಿದ. ‘ಅಷ್ಟಲ್ಲ, ತುಸು ಮ್ಯಾಲೆ.’ ಏರಿಸಿದ. ಅವಳು ಸೆರಗಿನಿಂದ ಕೈ ತೆಗೆದು ತೆರೆಯ ಮೇಲೆ ಬೆರಳಿಟ್ಟಳು. ಕಿವಿಯ ಕೆಳಗಿನಿಂದ ತೋಳಿನವರೆಗೆ ಒಂದು ಗೆರೆ ಎಳೆದಳು. ಕತ್ತಲಲ್ಲಿ ಮನೆಯ ಗೋಡೆ ಹಿಡಿದು ನಡೆಯುವವರ ಕೈಯ ಹಾಗೆ ಆ ಬೆರಳು ಎಲ್ಲೂ ತಡವರಿಸಲಿಲ್ಲ. ಫಕೀರೇಶ ಆ ಬೆರಳಿನ ಹಿಂದೆಯೇ ನನ್ನನ್ನು ಎಳೆದುಕೊಂಡು ಹೋದ. ‘ಹಾಂ. ಇಷ್ಟ’ ಎಂದಳು.

ಆ ಗಳಿಗೆಯಲ್ಲಿ ನನಗೆ ಆದದ್ದು ಹೊಟ್ಟೆಕಿಚ್ಚು. ನೇರವಾಗಿಯೇ ಹೇಳುತ್ತೇನೆ. ಸತ್ತು ವರ್ಷವಾಗುತ್ತ ಬಂದ ಒಬ್ಬ ಹಮಾಲನ ಹೆಗಲನ್ನು ಒಬ್ಬಳು ಬೆರಳಲ್ಲಿ ಬರೆದು ತೋರಿಸಬಲ್ಲಳು. ನನ್ನನ್ನು ತೊಟ್ಟ ತಲೆಗಳಲ್ಲಿ ಒಂದಕ್ಕೂ ನನ್ನ ಟೈಯ ಸುಕ್ಕು ಗೊತ್ತಿಲ್ಲ. ಮಾಲತೇಶ ತೆರೆಯನ್ನು ನೋಡಿ ಅಂಗೈಯಿಂದ ಕಣ್ಣೊರಸಿಕೊಂಡ. ‘ಖರೇನ ಅಪ್ಪ ನಿಂತಂಗ ಐತಿ ಅವ್ವಾ’ ಎಂದ. ಫಕೀರೇಶ ನಿಟ್ಟುಸಿರು ಬಿಟ್ಟು, ಅಭ್ಯಾಸಬಲದಿಂದ ನನ್ನ ಮೂಲವನ್ನೇ ಆ ಇಳಿದ ಹೆಗಲಿನೊಡನೆ ಅದೇ ಹೆಸರಿನಲ್ಲಿ ಉಳಿಸಿಬಿಟ್ಟ. ಇದನ್ನೇ ಪ್ರಿಂಟ್ ಕೊಡಲೇ ಎಂದು ಕೇಳಿದ.

ಗುತ್ತೆವ್ವ ಬಹಳ ಹೊತ್ತು ನೋಡಿದಳು. ಒಪ್ಪಿಬಿಡುತ್ತಾಳೆಂದು ನಾನೂ ಅಂದುಕೊಂಡೆ. ಒಪ್ಪಲಿ ಎಂದು ಬಯಸಿದೆನೋ ಏನೋ.

‘ಹೆಗಲ ಬಂತು. ಅವರು ಬರಲಿಲ್ಲ’ ಎಂದಳು.

ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕತ್ತರಿ ಮೇಜಿನ ಮೇಲಿತ್ತು. ಅದನ್ನು ತೆಗೆದುಕೊಂಡು, ಮೊದಲು ತೆಗೆದಿದ್ದ ಆ ದೊಡ್ಡ ಪ್ರಿಂಟನ್ನು ತನ್ನ ಕಡೆ ಎಳೆದುಕೊಂಡಳು. ಗದ್ದದ ಕೆಳಗೆ, ಕುತ್ತಿಗೆ ಮುಗಿದು ನನ್ನ ಕಾಲರು ಸುರುವಾಗುವಲ್ಲಿ ಕತ್ತರಿ ಇಟ್ಟಳು. ಕುತ್ತಿಗೆಯ ಒಂದು ಕೂದಲೆಳೆಯೂ ನನ್ನ ಕಡೆ ಬರದಂತೆ ಕತ್ತರಿಸಿದಳು. ಮಾಲತೇಶ ಅವಳ ಕೈ ಹಿಡಿಯಲು ಹೋದವನು ಹಿಡಿಯಲಿಲ್ಲ.

‘ಇದಿಷ್ಟ ಅವರದು. ಇದನ್ನ ಇಡತೀನಿ’ ಎಂದಳು. ‘ಸಾವಕಾರ್ರು ಕೇಳಿದ್ರ ಉಳಿದದ್ದು ಮಾರ್ಕೆಟ್ಟಿನ್ಯಾಗ ಐತಿ ಅಂತ ಹೇಳು.’

ಮುಖವನ್ನು ಸೆರಗಿನಲ್ಲಿ ಸುತ್ತಿಕೊಂಡು ರಸ್ತೆಗೆ ಇಳಿದಳು. ಮಾಲತೇಶ ಕೋಟಿನ ತುಂಡನ್ನು ಎತ್ತಿ ನೋಡಿ, ಮೇಜಿನ ಮೇಲೆಯೇ ಇಟ್ಟು, ತಾಯಿಯ ಹಿಂದೆ ಓಡಿದ. ಫಕೀರೇಶ ಅದನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದ.

ಮರುದಿನ ಒಬ್ಬ ಕಾಲೇಜು ಹುಡುಗ ಫೋಟೋಕ್ಕೆ ಬಂದ. ಫಕೀರೇಶ ನನ್ನನ್ನು ಅವನ ತಲೆಯ ಕೆಳಗಿಟ್ಟ. ಎಡ ಭುಜ ಇಳಿಬಿದ್ದಿತ್ತು. ಆ ಹುಡುಗ ‘ಏನ್ರೀ, ಲಕ್ವಾ ಹೊಡದಂಗ ಮಾಡೀರಿ’ ಎಂದ. ಫಕೀರೇಶ ಭುಜ ಏರಿಸಲು ನೋಡಿದ, ಏರಿಸಿದಷ್ಟೂ ಸುಕ್ಕಾಯಿತು. ಬೈದು, ನೀಲಿ ಕೋಟನ್ನು ತೆಗೆದ. ಅಂದಿನಿಂದ ಎಲ್ಲ ತಲೆಗಳೂ ಅದರ ಪಾಲಿಗೆ. ಈಗ ಗಿರಾಕಿಗಳು ಕೋಟನ್ನು ತಮ್ಮ ಮೊಬೈಲಿನಲ್ಲೇ ಹಾಕಿಕೊಂಡು ಬರುತ್ತಾರಂತೆ. ನೀಲಿಗೂ ಕೆಲಸ ಕಡಿಮೆ.

ನಾನು ‘ಹಳೇವು’ ಎಂಬ ಫೋಲ್ಡರಿನಲ್ಲಿದ್ದೇನೆ. ಯಾರೂ ತೆರೆಯುವುದಿಲ್ಲ, ಅದಕ್ಕೆ ನನಗೆ ಬೇಸರವಿಲ್ಲ. ಫಕೀರೇಶನನ್ನು ನಾನು ಕ್ಷಮಿಸಿಲ್ಲ. ಗುತ್ತೆವ್ವಳನ್ನೂ ಕ್ಷಮಿಸಿಲ್ಲ. ಆದರೆ ನನ್ನ ಮೈಯಲ್ಲಿ ಈಗ ಒಬ್ಬ ಮನುಷ್ಯನಿಗೆ ಅಳತೆಗೆ ಸರಿಯಾದ ಜಾಗ ಒಂದಿದೆ, ಈ ಎಡ ಹೆಗಲು. ಅದರ ಅಳತೆ ಗೊತ್ತಿದ್ದವಳು ಒಬ್ಬಳೇ. ಅವಳು ಅದನ್ನು ಬೇಡವೆಂದು ಬಿಟ್ಟು ಹೋದಳು.