ಮೂರನೆಯ ಸಲ ಸಭೆಗೆ

ದೇವರ ಉಪಕಾರಕ್ಕೆ ಸಾಕ್ಷಿ ಹೇಳುವವರು ಎದ್ದು ನಿಲ್ಲಬಹುದು ಎಂದು ಪಾಸ್ಟರ್ ನಿಲೇಶ ಕರೆದಾಗ, ಹೆಂಗಸರ ಸಾಲಿನಲ್ಲಿ ಸುಂದರಾ ಎದ್ದಳು. ಸಭೆಯ ಹಿರಿಯ ರಾಜಾರಾಮನಿಗೆ ಖುಷಿಯಾಯಿತು. ಹದಿನೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ಒಮ್ಮೆಯೂ ಜನರೆದುರು ಬಾಯಿ ಬಿಟ್ಟವಳಲ್ಲ. ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತು ಅಂಗಿಯ ಕಾಲರ್ ಸರಿಮಾಡಿಕೊಂಡ.

ಅಕ್ಕೋಳದ ಆ ತಗಡಿನ ಪ್ರಾರ್ಥನಾ ಮಂದಿರದಲ್ಲಿ ಕುರ್ಚಿ ಇದ್ದದ್ದೇ ಎರಡು. ಒಂದು ಪಾಸ್ಟರಿಗೆ, ಒಂದು ಅವನಿಗೆ. ಉಳಿದವರಿಗೆ ಚಾಪೆ. ಸುಳ್ಳೇಕೆ ಹೇಳಬೇಕು, ಆ ಕುರ್ಚಿಗೆ ಅವನು ಯೋಗ್ಯನೇ. ಮೊದಲು ಇಲ್ಲಿ ಭಾನುವಾರವೆಂದರೆ ಸಂತೆ. ಒಬ್ಬರು ಹಾಡುವಾಗ ಇನ್ನೊಬ್ಬರ ಪ್ರಾರ್ಥನೆ, ನಡುವೆ ತಂಬಾಕಿನ ರೇಟಿನ ಮಾತು. ದೇವರ ಮನೆಯಲ್ಲಿ ಎಲ್ಲದಕ್ಕೂ ಒಂದು ಕ್ರಮ ಬೇಕೆಂದು ಹಟ ಹಿಡಿದು ಎಲ್ಲರನ್ನೂ ದಾರಿಗೆ ತಂದವನು ಅವನು.

ತಪ್ಪಿಗೂ ಕ್ರಮವಿತ್ತು. ಯಾರಾದರೂ ತಪ್ಪು ಮಾಡಿದರೆ ಓಣಿಯಲ್ಲಿ ಆಡಿಕೊಳ್ಳುವಂತಿಲ್ಲ. ಮೊದಲು ಒಬ್ಬರೇ ಹೋಗಿ ಹೇಳಬೇಕು. ಕೇಳದಿದ್ದರೆ ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು ಹೇಳಬೇಕು. ಆಗಲೂ ಕೇಳದಿದ್ದರೆ ಸಭೆಗೆ. ಎಲ್ಲ ಬೈಬಲಿನಲ್ಲಿದ್ದದ್ದೇ, ಅವನದೇನಿಲ್ಲ. ಹೋದ ವರ್ಷ ಕುಡುಕ ಮಾಳುವನ್ನು ಹೀಗೇ ಸಭೆಯೆದುರು ನಿಲ್ಲಿಸಿದ್ದ. ಮಾಳು ಅತ್ತ, ಕುಡಿತ ಬಿಟ್ಟ. ಅಂದಿನಿಂದ ರಾಜಾರಾಮನ ಮಾತಿಗೆ ಎದುರಿಲ್ಲ.

"ಸಭಾಕ್ಕೆಲ್ಲ ಸ್ತೋತ್ರ," ಎನ್ನುತ್ತ ಸುಂದರಾ ತಲೆಯ ಮೇಲಿನ ಸೆರಗು ಹಿಡಿದುಕೊಂಡಳು. "ನಮ್ಮ ಮನಿಯವರು ನನಗ ಹೊಡಿತಾರ್ರಿ. ಮೊದಲ ನಾನೊಬ್ಬಾಕಿ ಕುಂತು ಹೇಳೇನಿ, ಕೇಳಲಿಲ್ಲ. ಆಮ್ಯಾಲ ಇಬ್ಬರನ್ನ ಕುಂಡ್ರಿಸಿ ಹೇಳೇನಿ. ನಕ್ಕು, ಚಾ ಕುಡದು ಎದ್ದು ಹೋದ್ರು. ಮರದಿನ ಮತ್ತ ಹೊಡದ್ರು. ಅದಕ್ಕ ಈಗ ಸಭಾಕ್ಕ ಹೇಳಾಕತ್ತೀನಿ."

ತಬಲಾ ಮುಂದೆ ಕೂತಿದ್ದವನ ಕೈ ತಬಲಾದ ಮೇಲೆಯೇ ನಿಂತಿತು. ಗಂಡಸರ ಕಡೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಾಸ್ಟರ್ ನಿಲೇಶನಂತೂ ಕೈಯಲ್ಲಿದ್ದ ಬೈಬಲಿನ ಹಾಳೆ ತಿರುವತೊಡಗಿದ. ರಾಜಾರಾಮನ ಮನೆಯಲ್ಲಿ ವಾರಕ್ಕೆರಡು ಊಟ ಮಾಡುತ್ತಿದ್ದ ಮನುಷ್ಯ ಅವನು.

"ಆ ಇಬ್ಬರು ಯಾರು, ಅಕ್ಕಾ?" ಎಂದು ಕಡೆಗೂ ಕೇಳಿದ.

ಸುಂದರಾ ಹೆಸರು ಹೇಳಲಿಲ್ಲ. ಪಕ್ಕದ ಮನೆಯ ಕಾಂಚನ ತಾನೇ ಎದ್ದಳು. "ಒಬ್ಬಾಕಿ ನಾನ್ರಿ. ಅವತ್ತ ಇದ್ದೆ. ಬೆನ್ನ ಮ್ಯಾಲಿನ ಬಾಸುಂಡಿನೂ ನೋಡೇನಿ."

ಎರಡನೆಯವರು ಯಾರೆಂದು ರಾಜಾರಾಮನಿಗೆ ಗೊತ್ತು, ಅವರು ಏಳುವುದಿಲ್ಲವೆಂದೂ ಗೊತ್ತು. "ಒಬ್ಬರ ಸಾಕ್ಷಿ ನಡೆಂಗಿಲ್ಲ ಪಾಸ್ಟರ್," ಎಂದ. "ಇಬ್ಬರು ಬೇಕು. ಇಲ್ಲಂದ್ರ ಹಿರಿಯನ ಮ್ಯಾಲ ಸುಳ್ಳು ಹೇಳಿದಾಕಿ ಅಂತ ಇಕೀನ ಹೊರಗ ಇಡಬೇಕಾಕೈತಿ. ಕ್ರಮ ಅಂದ್ರ ಕ್ರಮ."

ನಿಯಮವೇನೋ ಸರಿಯಾಗಿಯೇ ಇತ್ತು. ಪಾಸ್ಟರ್ ತಲೆ ತಗ್ಗಿಸಿದ. ಸುಂದರಾ ನಿಂತೇ ಇದ್ದಳು. ಎರಡನೆಯವರು ಏಳದಿದ್ದರೆ ಸಭೆಯೂ ಇಲ್ಲ, ಸಂಜೆ ಹೋಗಬೇಕಾದದ್ದು ಅದೇ ಮನೆಗೆ, ಅದೇ ಗಂಡನ ಹಿಂದೆ.

ಗೋಡೆಗೆ ಒರಗಿ ಕೂತಿದ್ದ ಮುದುಕಿ ಕೆಂಪವ್ವ ಆಗ ಚಾಪೆಗೆ ಕೈಯೂರಿದಳು. ರಾಜಾರಾಮನ ತಾಯಿ.

"ಎರಡನೇದಾಕಿ ನಾನದೀನಿ," ಎಂದಳು. "ಹಡದ ಮಗ ಅಂತ ಇಷ್ಟು ದಿನ ಸುಮ್ಮ ಕುಂತೆ. ಅದು ನನ್ನ ತಪ್ಪು. ಹೊಡಿಯೂದನ್ನ ನಾ ಕಣ್ಣಾರೆ ನೋಡೇನಿ."

ಅರ್ಧ ಎದ್ದವಳಿಗೆ ಮೊಣಕಾಲು ಸಾಥ್ ಕೊಡಲಿಲ್ಲ, ಒಂದು ಕಡೆ ವಾಲಿದಳು. ಏನಾಯಿತೆಂದು ಇನ್ನೂ ತಲೆಗೆ ಹೋಗದ ರಾಜಾರಾಮ ರೂಢಿಯಂತೆ ಕುರ್ಚಿ ಬಿಟ್ಟು ಓಡಿಬಂದು ಕೈ ಚಾಚಿದ. ಮನೆಯಲ್ಲಿ ದಿನಾ ಅವ್ವನನ್ನು ಎಬ್ಬಿಸುವವನು ಅವನೇ.

ಕೆಂಪವ್ವ ಆ ಕೈ ಹಿಡಿಯಲಿಲ್ಲ. ಸೊಸೆಯ ಹೆಗಲು ಹಿಡಿದು ನೆಟ್ಟಗೆ ನಿಂತಳು. ರಾಜಾರಾಮನ ಬಲಗೈ ಚಾಚಿದ ಹಾಗೆಯೇ ಇತ್ತು. ಸಭೆ ಆ ಕೈಯನ್ನೇ ನೋಡುತ್ತಿತ್ತು.