ಹೊಸ್ತಿಲಾಚೆಯ ಉಸಿರಪ್ಪ

ಕರೆಯದೆ ಅವನು ಯಾರ ಮನೆಯೊಳಗೂ ಕಾಲಿಡುವುದಿಲ್ಲ. ಬಾಗಿಲು ಹಾರುಹೊಡೆದಿರಲಿ, ಹೊರಗೆ ಮಳೆ ಹೊಯ್ಯುತ್ತಿರಲಿ, ಒಳಗಿನವರೆಲ್ಲ ಅವನನ್ನೇ ನೋಡಿ ನಗುತ್ತಿರಲಿ, ಹೊಸ್ತಿಲಿಗೆ ಒಂದು ಗೇಣು ಆಚೆ ನಿಂತು, ಎರಡು ಕೈಗಳನ್ನೂ ಹೊಟ್ಟೆಯ ಮುಂದೆ ಕಟ್ಟಿಕೊಂಡು, "ಒಳಗೆ ಬಾ" ಎಂಬ ಮಾತು ಕಿವಿಗೆ ಬೀಳುವವರೆಗೆ ಕಾಯುತ್ತಾನೆ. ಹೊಸಬರು ಇದನ್ನು ಸಂಕೋಚವೆಂದು ತಿಳಿಯುತ್ತಾರೆ. ಸಂಕೋಚದ ಮನುಷ್ಯ ಸ್ವಂತ ಸಂಬಳದಲ್ಲಿ ರಕ್ತಪಿಶಾಚಿಗಳ ಸಿನಿಮಾ ತೆಗೆಯುವುದಿಲ್ಲ.

ಅವನು ನನ್ನ ತಂಗಿಯ ಗಂಡ. ಹೊಟ್ಟೆಪಾಡಿಗೆ ದೊಡ್ಡಾಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕೆಲಸ. ಸೀಸದ ಮೇಲಂಗಿಯನ್ನು ವರ್ಷಗಟ್ಟಲೆ ಹೊತ್ತು ಹೆಗಲುಗಳು ಮುಂದಕ್ಕೆ ಬಾಗಿವೆ. ಬರಿಗೈಯಲ್ಲಿ ನಡೆಯುವಾಗಲೂ ಏನೋ ಭಾರವಿದ್ದವನಂತೆ, ಪಕ್ಕದಲ್ಲಿ ಮಲಗಿದ ರೋಗಿಗೆ ಎಚ್ಚರವಾಗಬಾರದೆಂಬಂತೆ, ಹಿಮ್ಮಡಿಯನ್ನು ಮೆಲ್ಲಗೆ ಊರುತ್ತಾನೆ. ದಿನವಿಡೀ ಜನರಿಗೆ "ಉಸಿರು ಹಿಡೀರಿ... ಬಿಡಿ" ಎಂದು ಹೇಳಿ ಹೇಳಿ ನಾಲಿಗೆಗೆ ಅದೇ ಅಂಟಿದೆ. ಬೇರೆ ನಿರ್ದೇಶಕರು "ಆಕ್ಷನ್" ಎನ್ನುವ ಕಡೆ ಅವನು "ಉಸಿರು ಹಿಡೀರಿ" ಎನ್ನುತ್ತಾನೆ, "ಕಟ್" ಎನ್ನುವ ಕಡೆ "ಬಿಡಿ". ನಟರು ನಿಜಕ್ಕೂ ಉಸಿರು ಹಿಡಿಯುತ್ತಾರೆ. ಅವನ ಚಿತ್ರಗಳ ದೃಶ್ಯಗಳು ಅಷ್ಟು ಮೊಟಕಾಗಿರುವುದಕ್ಕೆ ಪಂಡಿತರು ಬೇರೆ ಕಾರಣ ಹೇಳಿಯಾರು. ನನಗೆ ಗೊತ್ತಿರುವ ಕಾರಣ ಇದು. ಆಸ್ಪತ್ರೆಯವರು ಅವನಿಗೆ ಇಟ್ಟ ಹೆಸರು ಉಸಿರಪ್ಪ.

ಅವನ ರಕ್ತಪಿಶಾಚಿ ಆಸ್ಪತ್ರೆಯ ಆಂಬ್ಯುಲೆನ್ಸ್ ಚಾಲಕ, ಬೊಂಬಿನಂತೆ ಎತ್ತರದ ಮನುಷ್ಯ. ಅವನಿಂದ ರಕ್ತ ಹೀರಿಸಿಕೊಳ್ಳುವವನು ಔಷಧಿ ಅಂಗಡಿಯವನು. ಕ್ಯಾಮೆರಾ ಹಿಡಿಯುವವಳು ನನ್ನ ತಂಗಿ. ಬೀಟ್‌ರೂಟ್ ರಸಕ್ಕೆ ಸಕ್ಕರೆ ಪಾಕ ಬೆರೆಸಿದ್ದೇ ರಕ್ತ; ಒಮ್ಮೆ ಔಷಧಿ ಅಂಗಡಿಯವನು ಹೆಣವಾಗಿ ಮಲಗಿದ್ದಾಗ ಕುತ್ತಿಗೆಗೆ ಇರುವೆ ಮುತ್ತಿ, ಹೆಣ ಎದ್ದು ಅಂಗಳವಿಡೀ ಓಡಿತು. ದೀಪಗಳಿಗೆ ದುಡ್ಡಿಲ್ಲವಾದ್ದರಿಂದ ಅವನ ಇರುಳುಗಳೆಲ್ಲ ಮಧ್ಯಾಹ್ನದವು: ಕ್ಯಾಮೆರಾದ ಮುಂದೆ ನೀಲಿ ಹಾಳೆ ಹಿಡಿದರೆ ಬೆಳದಿಂಗಳು. ಪಿಶಾಚಿಯ ಕಪ್ಪು ನಿಲುವಂಗಿ ನನ್ನದು. ಡಾಕ್ಟರೇಟ್ ಪಡೆದ ದಿನ ನಾನು ತೊಟ್ಟ ಗೌನನ್ನು ಒಂದು ವಾರಕ್ಕೆಂದು ಒಯ್ದವನು ಈವರೆಗೆ ಹಿಂದಿರುಗಿಸಿಲ್ಲ. ನನ್ನ ಸಂಶೋಧನೆಯಿಂದ ಲೋಕಕ್ಕಾದ ಉಪಕಾರ ಅದೊಂದೇ ಎಂದು ತಂಗಿ ಹೇಳುತ್ತಾಳೆ.

ಚಿತ್ರಗಳು ಚೆನ್ನಾಗಿವೆ ಎಂದು ನಾನು ಎಂದೂ ಹೇಳಿಲ್ಲ. ಜೀವಮಾನವಿಡೀ ಸಾಹಿತ್ಯ ಪಾಠ ಹೇಳಿದವಳು ಸುಳ್ಳು ಅಂಕ ಕೊಡಲಾರಳು. ಆದರೆ ಒಂದು ಸಂಗತಿ ಎಲ್ಲ ಚಿತ್ರಗಳಲ್ಲೂ ಬರುತ್ತಿತ್ತು. ಪಿಶಾಚಿ ಒಂದು ಮನೆಯ ಮುಂದೆ ಬಂದು ನಿಲ್ಲುತ್ತದೆ, ಕಾಯುತ್ತದೆ, ಯಾರೂ ಕರೆಯುವುದಿಲ್ಲ, ಹೋಗಿಬಿಡುತ್ತದೆ. ಆ ಕೆಲವು ಕ್ಷಣ ನಾನು ಕೈಗಡಿಯಾರ ನೋಡಿಕೊಳ್ಳುತ್ತಿರಲಿಲ್ಲ.

ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇತ್ತು. ನಮ್ಮ ತಂದೆ ನಿವೃತ್ತ ನ್ಯಾಯಾಧೀಶರು. ಕೊಟ್ಟ ತೀರ್ಪನ್ನು ತಾವೇ ತಿದ್ದಿದ ಉದಾಹರಣೆ ಅವರ ವೃತ್ತಿಯಲ್ಲೂ ಇಲ್ಲ, ಸಂಸಾರದಲ್ಲೂ ಇಲ್ಲ. ದೆವ್ವದ ಸಿನಿಮಾ ಮಾಡುವವನಿಗೆ ಮಗಳನ್ನು ಕೊಡುವುದಿಲ್ಲ ಎಂದರು. ಮಗಳು ಕೇಳದೆ ಮದುವೆಯಾದಳು. ಅವರು ಕೂಗಾಡಲಿಲ್ಲ, ಶಪಿಸಲಿಲ್ಲ. ಅಳಿಯನನ್ನು ಒಳಗೆ ಬಾ ಎನ್ನಲಿಲ್ಲ, ಅಷ್ಟೇ. ತಂಗಿ ಬಂದಾಗಲೆಲ್ಲ ಅವನು ಜಗಲಿಯ ಬೆಂಚಿನ ಮೇಲೆ ಕೂರುತ್ತಿದ್ದ, ಚಹಾ ಅಲ್ಲಿಗೇ ಹೋಗುತ್ತಿತ್ತು. ನೋಡಲಾಗದೆ ಒಮ್ಮೆ ನಾನೇ ಕರೆದೆ.

"ನೀವು ಕರೆದ್ರೆ ಆಗಲ್ಲ ಅಕ್ಕ," ಎಂದ. "ಮನೆ ಯಾರದೋ ಅವರೇ ಕರೀಬೇಕು. ಶಾಸ್ತ್ರ ಹಾಗಿದೆ."

"ಯಾವ ಶಾಸ್ತ್ರವಯ್ಯ?"

"ಪಿಶಾಚಿಶಾಸ್ತ್ರ. ಎಷ್ಟೇ ಬಲ ಇರ್ಲಿ, ಕರೆಯದೆ ಹೊಸ್ತಿಲು ದಾಟೋ ಹಾಗಿಲ್ಲ."

ನಗುತ್ತಲೇ ಹೇಳಿದ. ಚಹಾದ ಲೋಟ ಮಾತ್ರ ಅವನ ಕೈಯಲ್ಲಿ ಆರಿತ್ತು.

ಮಾವ ಅಳಿಯಂದಿರ ನಡುವೆ ಮಾತೇ ಆಗಿರಲಿಲ್ಲ ಎನ್ನುವಂತಿಲ್ಲ. ಒಮ್ಮೆ ತಂದೆಗೆ ಕೆಮ್ಮು ಹಿಡಿದು ಎದೆಯ ಚಿತ್ರ ತೆಗೆಸಬೇಕಾಯಿತು. ಅವನೇ ಅವರ ಗದ್ದವನ್ನು ಮೆಲ್ಲಗೆ ಎತ್ತಿ, ಭುಜಗಳನ್ನು ತಿದ್ದಿ ನಿಲ್ಲಿಸಿ, ಗಾಜಿನ ಹಿಂದೆ ಹೋಗಿ, "ಉಸಿರು ಹಿಡೀರಿ" ಎಂದ. ಹಿಡಿದರು. "ಬಿಡಿ" ಎಂದ. ಬಿಟ್ಟರು. ಅಷ್ಟು ವರ್ಷಗಳಲ್ಲಿ ಅವರಿಬ್ಬರ ಸಂಭಾಷಣೆ ಅಷ್ಟೇ, ಅದೂ ಒಂದೇ ಕಡೆಯಿಂದ.

ಕೊನೆಗೆ ಅವನೊಂದು ಹೊಸ ಚಿತ್ರದ ಕಥೆ ಬರೆದ. ಅದರಲ್ಲಿ ಒಬ್ಬ ಮುದುಕ ಪಿಶಾಚಿಯನ್ನು ಒಳಗೆ ಕರೆಯುತ್ತಾನೆ. ಅದಕ್ಕೆ ಎತ್ತರದ ಹಳೆಯ ಬಾಗಿಲು ಬೇಕಿತ್ತು, ನಮ್ಮ ಮನೆಯದು ಅಂಥದು. ತಂಗಿ ತಂದೆಯನ್ನು ಕೇಳಿದಳು. ಪತ್ರಿಕೆಯಿಂದ ತಲೆಯೆತ್ತದೆ, "ನೀನೂ ಕ್ಯಾಮೆರಾನೂ ಒಳಗಿರಿ. ಮಿಕ್ಕವರು ಅವರವರ ಜಾಗದಲ್ಲಿ," ಎಂದರು.

ಹೀಗಾಗಿ, ಒಳಮನೆಯ ದೃಶ್ಯವನ್ನು ಹೊಸ್ತಿಲಾಚೆ ನಿಂತು ಕತ್ತು ಉದ್ದ ಮಾಡಿ ನಿರ್ದೇಶಿಸುವ ಭಾಗ್ಯ ಅವನದಾಯಿತು. ಬೆಳಕು ಚೆಲ್ಲಲು ಬೆಳ್ಳಿಹಾಳೆ ಅಂಟಿಸಿದ ರಟ್ಟನ್ನು ನನ್ನ ಕೈಗೆ ಕೊಟ್ಟಿದ್ದರು. "ಅಕ್ಕ, ಸ್ವಲ್ಪ ಎಡಕ್ಕೆ. ನಿಮ್ಮ ಎಡ ಅಲ್ಲ, ನನ್ನೆಡ," ಎಂದು ಹೊರಗಿನಿಂದ ಕೂಗುತ್ತಿದ್ದ. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂದು ಚಾಲಕ ಹೊರಟುಹೋದ, ಕೋರೆಹಲ್ಲು ಕಿತ್ತಿಡುವುದನ್ನೂ ಮರೆತು. ರೋಗಿಯ ಗತಿ ಏನಾಯಿತೋ. "ಅವನು ಬರೋವರೆಗೆ ಕ್ಯಾಮೆರಾ ಅಳತೆಗೆ ನಾನೇ ನಿಲ್ತೀನಿ," ಎಂದು ನಮ್ಮವನು ನನ್ನ ಗೌನು ತೊಟ್ಟ. ಅದು ನೆಲ ಗುಡಿಸುತ್ತಿತ್ತು.

ಮುದುಕನ ಪಾತ್ರಕ್ಕೆ ಔಷಧಿ ಅಂಗಡಿಯವನು ತಲೆಗೆ ಪೌಡರ್ ಸುರಿದುಕೊಂಡು ಬಂದಿದ್ದ. ಬಾಗಿಲು ತೆರೆದು, ಗಿರಾಕಿಯನ್ನು ಎದುರುಗೊಳ್ಳುವ ಉತ್ಸಾಹದಲ್ಲಿ, "ಬನ್ನಿ ಬನ್ನಿ, ಒಳಗೆ ಬನ್ನಿ!" ಎಂದ. ಮತ್ತೆ ಮಾಡಿಸಿದರು. ಮತ್ತೂ ಉತ್ಸಾಹ ಹೆಚ್ಚಿತು. ಮೂಲೆಯ ಕುರ್ಚಿಯಲ್ಲಿ ಪತ್ರಿಕೆ ಬಡಿದು ಮಡಚಿದ ಸದ್ದಾಯಿತು.

"ಮುದುಕರು ಹಾಗೆ ನಿಲ್ತಾರೇನಯ್ಯ?" ತಂದೆ ಎದ್ದೇಬಿಟ್ಟಿದ್ದರು. "ಬಾಗಿಲ ಚೌಕಟ್ಟು ಹಿಡ್ಕೊಂಡು ನಿಲ್ತಾರೆ. ಸರಿ ಆ ಕಡೆ."

ಔಷಧಿ ಅಂಗಡಿಯವನು ಸರಿದ. ತಂದೆ ಬಲಗೈಯಲ್ಲಿ ಚೌಕಟ್ಟು ಹಿಡಿದು ನಿಂತರು. ತಂಗಿ ಸದ್ದಿಲ್ಲದೆ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದಳು. ಹೊರಗಿನಿಂದ, ಕ್ಷೀಣವಾಗಿ, "ಉಸಿರು ಹಿಡೀರಿ" ಎಂಬ ದನಿ ಬಂತು.

ತಂದೆ ಅವನನ್ನು ನೆತ್ತಿಯಿಂದ ಪಾದದವರೆಗೆ ನೋಡಿದರು. ಕಟಕಟೆಯಲ್ಲಿ ನಿಂತವರನ್ನು ಅವರು ನೋಡುತ್ತಿದ್ದುದು ಹಾಗೆಯೇ ಇರಬೇಕು. ಬೀದಿಯಲ್ಲೊಂದು ಸೈಕಲ್ ಗಂಟೆ ಬಾರಿಸುತ್ತ ಹೋಯಿತು. ಅವನು ಕೈ ಕಟ್ಟಿಕೊಂಡೇ ಇದ್ದ.

"ಒಳಗೆ ಬಾ," ಎಂದರು. ಮತ್ತೆ ಅವನ ಪಾದ ನೋಡಿ, "ಕಾಲು ಒರೆಸ್ಕೊಂಡು ಬಾ."

ಅವನು ಬಲಗಾಲು ಒರೆಸಿದ, ಎಡಗಾಲು ಒರೆಸಿದ, ಗೌನಿನ ಅಂಚನ್ನು ಎತ್ತಿ ಹಿಡಿದು ಹೊಸ್ತಿಲು ದಾಟಿದ. ದಾಟಿ, ನಡುಮನೆಯಲ್ಲಿ ಹಾಗೇ ನಿಂತುಬಿಟ್ಟ. "ಬಿಡಿ" ಎನ್ನಬೇಕಾದವನು ಅವನೇ. ಅವನಿಗೆ ದನಿ ಹೊರಡಲಿಲ್ಲ, ಉಳಿದವರು ಯಾರೂ ಹೇಳುವಂತಿರಲಿಲ್ಲ. ಕ್ಯಾಮೆರಾ ಓಡುತ್ತಿತ್ತು. ತಂಗಿಯ ಹೆಗಲು ಅಲುಗುತ್ತಿತ್ತು. ಚಿತ್ರದ ಆ ಭಾಗವೂ ಅಲುಗಿದೆ. ಅವನ ಮುಖ ಕೆಂಪೇರುತ್ತ ಹೋಯಿತು.

ತಂದೆ ಸಾವಕಾಶವಾಗಿ ತಿರುಗಿದರು. "ಸಾಕು," ಎಂದರು. "ಉಸಿರು ಬಿಡಯ್ಯ."

ಬಿಟ್ಟ.

ಆ ಸಂಜೆ ನಾನು ತಂದೆಯನ್ನು ಕೇಳಿದೆ: "ಒಳಗೆ ಬಾ ಅಂದದ್ದು ಪಾತ್ರದ ಮಾತೋ, ನಿಮ್ಮ ಮಾತೋ?"

"ಕಾಲು ಒರೆಸೋದು ಅವನ ಕಥೆಯಲ್ಲಿ ಇತ್ತಾ?" ಎಂದು ತಿರುಗಿ ಕೇಳಿ, ಪತ್ರಿಕೆ ಬಿಡಿಸಿಕೊಂಡರು.

ಅಳತೆಗೆಂದು ತೆಗೆದ ಆ ದೃಶ್ಯವೇ ಚಿತ್ರದಲ್ಲಿ ಉಳಿಯಿತು; ತಂಗಿಗೆ ಕಾಲು ಒರೆಸುವ ಭಾಗದ್ದೇ ಚಿಂತೆ. "ಯಾವ ಪಿಶಾಚಿ ಕಾಲು ಒರೆಸ್ಕೊಳ್ಳುತ್ತೆ? ಜನ ನಗ್ತಾರೆ ರೀ, ಕತ್ತರಿಸಿ."

"ನಗ್ಲಿ ಬಿಡು," ಎಂದ. ಆಸ್ಪತ್ರೆಯ ನೌಕರರ ಸಂಘದ ಕೋಣೆಯಲ್ಲಿ, ಗೋಡೆಗೆ ಬಿಳಿ ಹೊದಿಕೆ ಕಟ್ಟಿ ಚಿತ್ರ ತೋರಿಸಿದಾಗ ಜನ ನಿಜಕ್ಕೂ ನಕ್ಕರು, ಕುರ್ಚಿ ಅಲುಗುವಂತೆ ನಕ್ಕರು. ಅವನು ಹಿಂದಿನ ಗೋಡೆಗೊರಗಿ, ಪರದೆಯ ಮೇಲೆ ಮುದುಕ ಹಿಂದಕ್ಕೆ ತಿರುಗುವವರೆಗೂ ಉಸಿರು ಹಿಡಿದುಕೊಂಡೇ ನೋಡಿದ.

ಆಮೇಲೂ ಅವನ ಅಭ್ಯಾಸ ಬಿಡಲಿಲ್ಲ. "ಪ್ರತಿ ಸಲ ಕರೀಬೇಕೇನಯ್ಯ ನಿನ್ನ?" ಎಂದು ತಂದೆ ಕುರ್ಚಿಯಿಂದ ಗದರುತ್ತಿದ್ದರು. "ಹೌದು ಮಾವ," ಎನ್ನುತ್ತಿದ್ದ. ಕರೆಯುತ್ತಿದ್ದರು. ಅವರು ಹೋದ ಮೇಲೆ ಮನೆ ನನ್ನ ಪಾಲಿಗೆ ಬಂತು. ಈಗ ಅವನು ನನ್ನ ಮಾತಿಗೆ ಕಾಯುತ್ತಾನೆ, ನಾನು ಬೈದುಕೊಂಡೇ ಕರೆಯುತ್ತೇನೆ.

ಅವನಂತೆಯೇ ಪಿಶಾಚಿ ಚಿತ್ರ ತೆಗೆಯುವ ಇನ್ನೂ ಕೆಲವು ಬಡಪಾಯಿಗಳನ್ನು ಅವನ ಮೂಲಕ ಕಂಡಿದ್ದೇನೆ. ಇಷ್ಟು ರಕ್ತ ಚೆಲ್ಲುವ ಜನ ಇಷ್ಟು ಸಾಧುವಾಗಿರುವುದನ್ನು ಕಂಡು ಮೊದಮೊದಲು ನನಗೆ ಅನುಮಾನವೇ ಬಂದಿತ್ತು. ಈಗ ಅರ್ಥವಾಗುತ್ತದೆ. ಬಾಗಿಲು ಒಡೆಯಬಲ್ಲ ಪ್ರಾಣಿಯೊಂದನ್ನು ಕಲ್ಪಿಸಿಕೊಂಡು, ಅದನ್ನೂ ಹೊಸ್ತಿಲ ಮುಂದೆ ಕೈಕಟ್ಟಿ ನಿಲ್ಲಿಸುವವರು ಇವರು. ಲೋಕದ ಬಾಗಿಲುಗಳು ಒಳಗಿನಿಂದಲೇ ತೆರೆಯಬೇಕು ಎಂದು ನಂಬಿದವರು. ಅಲ್ಲಿಯವರೆಗೆ ಜಗಲಿಯಲ್ಲಿ ಕೂತು, ಆರಿದ ಚಹಾ ಕುಡಿದು, ಇನ್ನೊಂದು ಚಿತ್ರದ ಕಥೆ ಬರೆಯುತ್ತಾರೆ. ಕರೆದವರ ಮನೆಯೊಳಗೆ ಬರುವಾಗ ಇಂಥವರು ಕಾಲು ಒರೆಸಿಕೊಂಡೇ ಬರುತ್ತಾರೆ.